‘ನಿಬೆಲುಂಗೆನ್’ ಮೂಕಚಿತ್ರದ ಪೂರ್ವೋತ್ತರಭಾಗಗಳು

ಕ್ರಿ.ಶ. 1200ರ ಸುಮಾರಿನಲ್ಲಿ ರಚಿತವಾದ ‘ನಿಬೆಲುಂಗೆನ್ಲೀಡ್’ ಎಂಬ ಕಾವ್ಯವು ಜರ್ಮನರ ಐತಿಹ್ಯವೀರನಾದ ಸೀಗ್‌ಫ್ರೀಡನ ಕಥೆಗೆ ಪ್ರಸಿದ್ಧವಾದ ಆಕರ. ಈ ಕಥೆಯನ್ನು ಫ್ರಿಟ್ಸ್ ಲಾಂಗನು ಎರಡು ಭಾಗಗಳ ಮೂಕಚಿತ್ರವಾಗಿ ನಿರ್ದೇಶಿಸಿದನು. ಚಿತ್ರಕಥೆಯನ್ನು ರಚಿಸಿದವಳು ಥೇಯಾ ಫಾನ್ ಹಾರ್ಬೊ. 1924ರ ಫೆಬ್ರವರಿಯಲ್ಲಿ ‘ಸೀಗ್‌ಫ್ರೀಡ್’ ಎಂಬ ಪೂರ್ವಭಾಗವೂ ಏಪ್ರಿಲಿನಲ್ಲಿ ‘ಕ್ರೀಮ್‌ಹಿಲ್ಡಳ ಸೇಡು’ ಎಂಬ ಉತ್ತರಭಾಗವೂ ಬರ್ಲಿನ್ನಿನಲ್ಲಿ ಪ್ರದರ್ಶಿತವಾದುವು. ಪೂರ್ವಭಾಗವೊಂದನ್ನೇ ಗಮನಿಸಿ ಇದನ್ನು ವೀರರಸಪ್ರಧಾನವಾದ ಸಾಹಸಚಿತ್ರವೆಂದು ಎಣಿಸುವುದುಂಟು. ಆ ಎಣಿಕೆ ಯುಕ್ತವಾಗಿ ತೋರುವುದಿಲ್ಲ.

ಘಟಸರ್ಪವಧೆಯನ್ನು ಕಾವ್ಯಕರ್ತನು ನೇರವಾಗಿ ವರ್ಣಿಸಿಲ್ಲ. ಸೀಗ್‌ಫ್ರೀಡನು ವೋರ್ಮ್ಸ್ ನಗರಕ್ಕೆ ಬಂದಾಗ ಹಾಗೆನನು ಅದನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತಾನೆ. ಚಿತ್ರದಲ್ಲಿಯಾದರೋ ಅದು ಆರಂಭದಲ್ಲಿಯೇ ಪ್ರತ್ಯಕ್ಷವಾಗುತ್ತದೆ. ಒಳಗೆ ಜನರನ್ನಿರಿಸಿ ಚಲಿಸುವಂತೆ ಮಾಡಿದ ಆ ಬೃಹದ್ಯಂತವು ಕಾಡಿನ ಕೊಳದಲ್ಲಿ ನೀರು ಕುಡಿಯುತ್ತಿರುವಾಗ ವೀರನು ತಾನೇ ಮೇಲೆ ಬೀಳುತ್ತಾನೆ. ಪ್ರೇಕ್ಷಕನ ಮರುಕವು ಮೃಗದ ಕಡೆಗೆ ಹರಿಯುತ್ತದೆ. ಹೀಗೆ ಕೇಳಿದಾಗ ಹಿರಿದಾಗಿದ್ದ ಸಾಹಸವು ಕಂಡಾಗ ಕಿರಿದಾಗುವುದು. ಇದನ್ನು ದೋಷವೆನ್ನಬಹುದು, ಆದರೆ ಮುಂದಿನ ಕಥೆಗೆ ಇದೇ ಬೀಜವಾಗಿದೆ. ಇದೇ ವೀರನು ಅದೃಶ್ಯನಾಗಿ ನಿಂತು, ರಾಜನಾದ ಗುಂಥರನಿಗೆ ಬ್ರುನ್‌ಹಿಲ್ಡಳನ್ನು ವಂಚನೆಯಿಂದ ಗೆದ್ದುಕೊಡುತ್ತಾನೆ. ಆ ಗುಟ್ಟನ್ನು ಅವನ ಮಡದಿಯಾದ ಕ್ರೀಮ್‌ಹಿಲ್ಡಳು ಜಗಳದಲ್ಲಿ ಹೊರಗೆಡಹಿದುದೇ ಅವನ ಮರಣಕ್ಕೆ ಕಾರಣವಾಗುತ್ತದೆ.

ಪೂರ್ವಭಾಗದ ದೃಶ್ಯಗಳಲ್ಲಿ ಸಮಮಿತಿಯೇ ಪ್ರಧಾನ. ಯೋಧರು ಕಂಬಗಳಂತೆ ಸಾಲಾಗಿ ನಿಲ್ಲುತ್ತಾರೆ. 1947ರಲ್ಲಿ ಸೀಗ್‌ಫ್ರೀಡ್ ಕ್ರಾಕೌವರನು ಮನುಷ್ಯರನ್ನು ಅಲಂಕಾರಮಾತ್ರವಾಗಿಸುವ ಈ ವಿನ್ಯಾಸದಲ್ಲಿ ನಾಜೀ ಸಭೆಗಳ ಪೂರ್ವಸೂಚನೆಯನ್ನು ಕಂಡನು. ಪೂರ್ವಭಾಗದ ಮಟ್ಟಿಗೆ ಈ ಆಕ್ಷೇಪಕ್ಕೆ ಆಧಾರವಿದೆ. ಆದರೆ ಉತ್ತರಭಾಗದಲ್ಲಿ ಆ ವಿನ್ಯಾಸವೇ ಒಡೆದುಹೋಗುತ್ತದೆ. ಹೂಣರಾಜನಾದ ಎಟ್ಸೆಲನ ಪತ್ನಿಯಾದ ಕ್ರೀಮ್‌ಹಿಲ್ಡಳು ಪತಿಹಂತಕನಾದ ಹಾಗೆನನನ್ನು ತನಗೊಪ್ಪಿಸೆಂದು ಕೇಳುತ್ತಾಳೆ, ಸೋದರರು ಒಪ್ಪಿಸುವುದಿಲ್ಲ. ಪತಿನಿಷ್ಠೆಯೂ ಮಿತ್ರನಿಷ್ಠೆಯೂ ಪರಸ್ಪರ ಘರ್ಷಿಸಿ, ಉರಿಯುವ ಸಭಾಮಂದಿರದಲ್ಲಿ ಕುಲವೇ ನಾಶವಾಗುತ್ತದೆ. ಜರ್ಮನ್ ಜನತೆಗೆ ಅರ್ಪಿತವಾದ ಈ ಚಿತ್ರವು ಆ ಜನತೆಯ ಮುಂದೆ ಕೊನೆಗಿರಿಸಿದುದು ವಿಜಯವನ್ನಲ್ಲ, ಬೂದಿಯನ್ನು.

ಪ್ರಬಂಧದ ಪ್ರಧಾನರಸವನ್ನು ಅದರ ಪರಿಣಾಮದಿಂದ ನಿರ್ಣಯಿಸಬೇಕೆಂಬುದಕ್ಕೆ ಆನಂದವರ್ಧನನ ಭಾರತವಿಚಾರವೇ ನಿದರ್ಶನ. ಯುದ್ಧಗಳಿಂದ ತುಂಬಿದ ಆ ಮಹಾಗ್ರಂಥಕ್ಕೆ ಅವನು ಶಾಂತವನ್ನೇ ಅಂಗಿಯೆಂದು ಹೇಳಿದುದು ಅದರ ಅವಸಾನವನ್ನು ನೋಡಿ. ಈ ಅಳತೆಯನ್ನು ಹಿಡಿದರೆ 1933ರಲ್ಲಿ ನಡೆದ ಅಪಚಾರದ ಸ್ವರೂಪವು ಸ್ಪಷ್ಟವಾಗುವುದು. ಆ ವರ್ಷ ಪೂರ್ವಭಾಗವನ್ನು ಮಾತ್ರ ಮೊಟಕುಗೊಳಿಸಿ, ವಾಗ್ನರನ ಸಂಗೀತವನ್ನು ಕೂಡಿಸಿ, ಧ್ವನಿಚಿತ್ರವಾಗಿ ಹೊರಡಿಸಿದರು. ವೀರನ ವಧೆ ಉಳಿಯಿತು. ಸೇಡಿನ ಫಲವು ಮರೆಯಾಯಿತು. ಕಥೆಯ ಅರ್ಧವು ಪೂರ್ಣವೆಂದು ನಿಂತಾಗ ಎಚ್ಚರಿಕೆಯು ಪ್ರಚೋದನೆಯಾಗಿ ಪರಿಣಮಿಸಬಲ್ಲದು.

2010ರಲ್ಲಿ ಮುರ್ನೌ ಪ್ರತಿಷ್ಠಾನವು ಎರಡು ಭಾಗಗಳನ್ನೂ ಗಾಟ್‌ಫ್ರೀಡ್ ಹುಪ್ಪರ್ಟ್ಸನ ಮೂಲಸಂಗೀತದೊಡನೆ ಪುನರುದ್ಧರಿಸಿತು. ಗುಣದೋಷವಿಮರ್ಶೆಗೆ ಈ ಅಖಂಡಪಾಠವೇ ಪ್ರಮಾಣವಾಗತಕ್ಕದ್ದು.