ಹಳಿಯಡಿಯಿಂದ ಹಿತ್ತಲಿಗೆ

ಬ್ರಿಟನ್ನಿನ ಸಾಲುಮನೆಗಳ ಹಿತ್ತಲು ಸಣ್ಣದು. ಹತ್ತು ಹೆಜ್ಜೆ ಇಟ್ಟರೆ ಬೇಲಿ. ಅಂಥ ಕಡೆ ರೈಲುಹಳಿಯಡಿಯ ಮರದ ಸ್ಲೀಪರ್‌ಗಳು ಎಷ್ಟು ಚೆಂದ ಹೊಂದಿಕೊಂಡಿವೆ!

ಅಲ್ಲಿನ ರೂಢಿಯ ಅಳತೆ ಎಂಟೂವರೆ ಅಡಿ ಉದ್ದ, 10 ಅಂಗುಲ ಅಗಲ, 5 ಅಂಗುಲ ದಪ್ಪ. ಒಂದನ್ನು ಎತ್ತಲು ಇಬ್ಬರಾದರೂ ಬೇಕು. ಆ ಭಾರವೇ ಅದರ ಗುಣ. ಮಲಗಿಸಿ ಎರಡು ಸಾಲು ಪೇರಿಸಿ ಉದ್ದನೆಯ ಸ್ಕ್ರೂ ಬಿಗಿದರೆ 10 ಅಂಗುಲ ಎತ್ತರದ ಮಡಿ ಸಿದ್ಧ. ಮಣ್ಣು ಜರುಗುವುದಿಲ್ಲ, ಅಂಚಿನ ಮೇಲೆ ಕೂತು ಕಳೆಯನ್ನೂ ಕೀಳಬಹುದು. ಇಳಿಜಾರಿನಲ್ಲಿ ಒಂದೊಂದು ತೊಲೆಯೂ ಒಂದೊಂದು ಮೆಟ್ಟಿಲು.

ಹತ್ತಿರದಿಂದ ನೋಡಬೇಕು: ಬೋಲ್ಟ್ ಕಿತ್ತ ತೂತು, ಸುತ್ತ ತುಕ್ಕಿನ ಕಂದುಗಲೆ, ಉದ್ದುದ್ದ ಬಿರುಕಿನೊಳಗೆ ಹಸಿರು ಪಾಚಿ. ಹೊಸ ಮರಕ್ಕೆ ಈ ಚೆಲುವು ಬರಲು ವರ್ಷಗಳೇ ಬೇಕು.

ಆದರೆ ಹಳೆಯದರಲ್ಲಿ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಇಳಿದಿರುತ್ತದೆ. ಬಿಸಿಲಿಗೆ ಅದು ಜಿನುಗುತ್ತದೆ, ಚರ್ಮಕ್ಕೆ ಕೆಟ್ಟದ್ದು. ಪದೇ ಪದೇ ಮೈ ತಾಗುವ ಕಡೆ ಅಂಥ ಮರ ಕೂಡದೆಂದು 2003ರಿಂದ ನಿರ್ಬಂಧವಿದೆ. ತರಕಾರಿ ಮಡಿಗಂತೂ ಬೇಡವೇ ಬೇಡ.

ಅದಕ್ಕೇ ಈಗ ತೋಟಕ್ಕೆಂದೇ ಕೊಯ್ದ ಹೊಸ ಓಕ್ ತೊಲೆಗಳು ಬರುತ್ತಿವೆ. ಅವಕ್ಕೆ ಸ್ಟೇನ್‌ಲೆಸ್ ಸ್ಕ್ರೂಗಳನ್ನೇ ಹಾಕಬೇಕು. ಸಾದಾ ಕಬ್ಬಿಣ ತಗುಲಿದರೆ ಓಕ್‌ನ ಒಗರು ಅದರೊಂದಿಗೆ ಬೆರೆತು ಮರದ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಇಳಿಯುತ್ತದೆ.