ಏರಿದಷ್ಟು ಸಲೀಸಾಗಿ ಇಳಿಯದ ಬೋಜಾ

ನಮ್ಮ ಇಂಡಿ, ಸಿಂದಗಿ ಕಡೆ ಹೊಲದ ಉತಾರ (ಪಹಣಿ) ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಮಾಲೀಕನ ಹೆಸರಿಗಲ್ಲ, ಬೋಜಾಕ್ಕೆ, ಅಂದರೆ ಅದರ ಮೇಲಿನ ಸಾಲದ ನಮೂದಿಗೆ. ಯಾವ ಸೊಸೈಟಿಯದು, ಯಾವ ಬ್ಯಾಂಕಿನದು, ಎಷ್ಟು ಎಂಬುದು ತಿಳಿದ ಮೇಲೆಯೇ ಮುಂದಿನ ಮಾತು. ಬೋಜಾ ಕೇಳದೆ ಇಸಾರ ಕೊಟ್ಟವನನ್ನು ಊರಲ್ಲಿ ಯಾರೂ ಶಾಣ್ಯಾ ಅನ್ನುವುದಿಲ್ಲ. ಅದೇ ಮನುಷ್ಯ ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೋದರೆ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾನೆ, ಹಿಂದಿನ ಗಾಲಿ ತಟ್ಟುತ್ತಾನೆ, ಹೈಡ್ರಾಲಿಕ್ ಎತ್ತಿಸಿ ನೋಡುತ್ತಾನೆ. ಆರ್‌ಸಿಯನ್ನು ಮಾತ್ರ ಓದದೆ ಅಂಗಿಯ ಕಿಸೆಗೆ ಇಳಿಸುತ್ತಾನೆ. ಗಾಡಿಗೂ ಬೋಜಾ ಇರುತ್ತದೆ. ಆರ್‌ಟಿಒ ಭಾಷೆಯಲ್ಲಿ ಅದು ಎಚ್‌ಪಿ, ಅಂದರೆ ಹೈಪೋಥಿಕೇಶನ್.

ಅಂಗೈಯಗಲದ ಈ ಆರ್‌ಸಿಯನ್ನು ಒಂದು ಕೃತಿಯೆಂದೇ ಓದಿದರೆ ಅದರ ಒಲವು ಯಾರ ಕಡೆಗೆ ಎಂಬುದು ಬೇಗ ಗೊತ್ತಾಗುತ್ತದೆ. ಸರ್ಕಾರದ ತೆರಿಗೆ, ಸಾಲ ಕೊಟ್ಟವರ ಹಕ್ಕು, ಇವೆರಡೂ ನಂಬರ್ ಪ್ಲೇಟ್ ಬೀಳುವ ಹೊತ್ತಿಗೇ ದಾಖಲಾಗಿರುತ್ತವೆ. ಅದಕ್ಕಾಗಿ ಯಾರೂ ಓಡಾಡಬೇಕಿಲ್ಲ. ಕೊಂಡವನ ಹೆಸರು ಏರುವುದು, ಸಾಲ ತೀರಿಸಿದವನ ಬೋಜಾ ಇಳಿಯುವುದು, ಇವೆರಡನ್ನು ಮಾತ್ರ ಕಾಯ್ದೆ ಆಯಾ ಮನುಷ್ಯನ ಕಾಲಿಗೆ ಬಿಟ್ಟಿದೆ.

ಮಾಲೀಕ ಯಾರು ಎಂಬ ಪ್ರಶ್ನೆಗೆ 1988ರ ಮೋಟಾರು ವಾಹನ ಕಾಯ್ದೆ ಕೊಡುವ ಉತ್ತರದಲ್ಲಿ ಒಂದು ಒಳ್ಳೆಯ ಗುಣವಿದೆ. ಸಾಲದ ಗಾಡಿಯಾದರೂ ಅದನ್ನು ಕೈಯಲ್ಲಿಟ್ಟುಕೊಂಡು ಓಡಿಸುವವನೇ ಮಾಲೀಕ, ಫೈನಾನ್ಸಿನವನಲ್ಲ. ತೊಡಕು ಬರುವುದು ಮಾರಾಟದಲ್ಲಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತಿನ ಜೋಡಿ ಕೈ ಬದಲಾದರೆ ಹಳೆಯ ಒಡೆಯನ ಹೊಣೆ ಅಲ್ಲಿಗೇ ಮುಗಿಯಿತು. ನಾಳೆ ಆ ಎತ್ತು ಯಾರನ್ನು ಹಾಯ್ದರೂ ಅವನ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಗಾಡಿಯದು ಹಾಗಲ್ಲ. ಮಾರಿದವನು ರಾಜ್ಯದೊಳಗಾದರೆ 14 ದಿನದಲ್ಲಿ, ಹೊರಗಾದರೆ 45 ದಿನದಲ್ಲಿ, ಕೊಂಡವನು 30 ದಿನದಲ್ಲಿ ತಿಳಿಸಬೇಕು. ನಮ್ಮಲ್ಲಿ ನಡೆಯುವುದೇ ಬೇರೆ. 29, 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿಸಿಕೊಂಡು ಗಾಡಿ ಇಂಡಿಯಿಂದ ಆಲಮೇಲಕ್ಕೆ, ಅಲ್ಲಿಂದ ತಾಳಿಕೋಟಿಗೆ ಹೋಗುತ್ತದೆ. ಕಾಗದದಲ್ಲಿ ಹೆಸರು ಇಂಡಿಯವನದೇ. ಹೀಗೆ ಮೂರ್ನಾಲ್ಕು ಕೈ ದಾಟಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ, ಹೇಳಿತು. ಗಾಯಗೊಂಡವರು ನಾಲ್ಕನೆಯ ಕೈಯನ್ನು ಹುಡುಕುತ್ತ ತಿರುಗಬಾರದು ಎಂಬ ಕಾಳಜಿ ಅದರಲ್ಲಿದೆ, ಒಪ್ಪುತ್ತೇನೆ. ಆದರೆ ಆ ತೀರ್ಪು ನಮ್ಮ ಸಂತೆ ಬಜಾರಕ್ಕೆ ಇನ್ನೂ ಬಂದು ಮುಟ್ಟಿಲ್ಲ.

ತೆರಿಗೆಯ ಮಾತು ಬಂದರೆ ಭೀಮೆಯ ದಂಡೆಗೆ ಹೋಗಬೇಕು. 1956ರ ನವೆಂಬರ್ 1ರವರೆಗೆ ವಿಜಾಪುರ ಜಿಲ್ಲೆಯೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯ ಬೇರೆಯಾಯಿತು, ಮರುವರ್ಷ, 1957ರಲ್ಲಿ, ನಮ್ಮದೇ ಮೋಟಾರು ವಾಹನ ತೆರಿಗೆ ಕಾಯ್ದೆ ಬಂತು. ಬೀಗತನ ಮಾತ್ರ ಬೇರೆಯಾಗಲಿಲ್ಲ. ಅಕ್ಕಲಕೋಟೆಯಿಂದ ಸೊಸೆ ತರುತ್ತೇವೆ, ಮಂದ್ರೂಪಕ್ಕೆ ಮಗಳನ್ನು ಕೊಡುತ್ತೇವೆ, ದವಾಖಾನೆಗೆ ಸೊಲ್ಲಾಪುರಕ್ಕೆ ಓಡುತ್ತೇವೆ. ಧೂಳಖೇಡದ ಸೇತುವೆ ದಾಟಿದರೆ ಭಾಷೆ ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ನಂಬರ್ ಪ್ಲೇಟು: ಕೆಎ 28 ಹೋಗಿ ಎಂಎಚ್ 13 ಆಗುತ್ತದೆ.

ಆ ಎರಡು ಅಕ್ಷರಗಳಿಗೆ ಬೆಲೆಯಿದೆ. 8 ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 14, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಬಿಡಿ ಶುಲ್ಕಗಳನ್ನು ಬಿಟ್ಟರೂ 1,24,320 ರೂಪಾಯಿ. ಅದೇ ಕಾರಿಗೆ ಮಹಾರಾಷ್ಟ್ರದಲ್ಲಿ ಶೇ. 11ರಂತೆ 88,000. ಹೆಚ್ಚು ತೆರಿಗೆ ಹಾಕುವುದು ರಾಜ್ಯದ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಒಮ್ಮೆ ಕಟ್ಟಿದ್ದು ಗಾಡಿಯ ಜೊತೆ ಹೊಳೆ ದಾಟುವುದಿಲ್ಲ ಎಂಬುದಕ್ಕೆ. ಮಾವ ಸೊಲ್ಲಾಪುರದಲ್ಲಿ ಕೊಂಡು ಅಳಿಯನಿಗೆ ಕೊಟ್ಟ ಬೈಕು ಚಡಚಣದಲ್ಲಿ ಕಾಯಂ ಇರಬೇಕಾದರೆ 28ನೇ ನಮೂನೆಯಲ್ಲಿ ಅಲ್ಲಿಂದ ಎನ್‌ಒಸಿ ತರಬೇಕು, ಗಾಡಿಯ ವಯಸ್ಸು ನೋಡಿ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಆಮೇಲೆ ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗ ವಾಪಸ್ ಕೊಡಿ ಎಂದು ಸೊಲ್ಲಾಪುರಕ್ಕೆ ಅರ್ಜಿ ಹಿಡಿದು ಹೋಗಬೇಕು. ಕಟ್ಟುವುದು ಮೊದಲು, ಕೇಳುವುದು ಆಮೇಲೆ. ಕೇಂದ್ರದ ಕಾಯ್ದೆ ಹೊರರಾಜ್ಯದ ಗಾಡಿಗೆ ಹೊಸ ನಂಬರಿಗಾಗಿ 12 ತಿಂಗಳ ಅವಕಾಶ ಕೊಡುತ್ತದೆ. 2014ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದು 30 ದಿನ ಮೀರಿದರೆ ಆಜೀವ ತೆರಿಗೆ ಕಟ್ಟಬೇಕೆಂದಿತು. 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. 2021ರಲ್ಲಿ ಬಂದ ಬಿಎಚ್ ಸರಣಿ ಈ ಜಂಜಾಟಕ್ಕೆ ಸಿಕ್ಕ ಚಲೋ ಉತ್ತರ, ಆದರೆ ಅದು ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯವರಿಗೆ. ವಾರಕ್ಕೆರಡು ಸಲ ಹೊಳೆ ದಾಟುವ ಲಿಂಬೆ ವ್ಯಾಪಾರಿಗೆ ಅಲ್ಲಿ ಜಾಗವಿಲ್ಲ.

ಮತ್ತೆ ಬೋಜಾಕ್ಕೆ ಬರುತ್ತೇನೆ, ಏಕೆಂದರೆ ನನಗೆ ಹೆಚ್ಚು ಸಿಟ್ಟು ಬರಿಸುವುದು ಅದೇ. ಕಾಯ್ದೆಯ 51ನೇ ಕಲಮನ್ನು ಸಾವಕಾಶ ಓದಿ. ಕಂತು ತಪ್ಪಿದವನು ಗಾಡಿ ಎಳೆದುಕೊಂಡ ಸಾಲದಾತನಿಗೆ ಆರ್‌ಸಿ ಕೊಡದಿದ್ದರೆ, ಆರ್‌ಟಿಒ ಸಾಲದಾತನ ಹೆಸರಿನಲ್ಲೇ ಹೊಸ ಆರ್‌ಸಿ ಕೊಡಬಹುದು. ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಥವಾ ನಕಲು ಆರ್‌ಸಿ ಪಡೆಯಲು ಸಾಲದಾತನ ಒಪ್ಪಿಗೆ ಬೇಕು. ಅರ್ಜಿ ಕೊಟ್ಟ ಏಳು ದಿನದಲ್ಲಿ ಅವನು ಹೂಂ ಅನ್ನದಿದ್ದರೆ, ಊಹೂಂ ಅಂತಲೂ ಬರೆದು ಕೊಡದಿದ್ದರೆ, ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಎಷ್ಟು ಚಂದದ ನಿಯಮ! ಆದರೆ ಸಾಲ ಪೂರಾ ತೀರಿದ ಮೇಲೆ ನಮೂದು ಅಳಿಸುವ ಉಪಕಲಮಿನಲ್ಲಿ ಇಂಥ ಗಡುವಿಲ್ಲ. ಕರಾರು ಮುಗಿದ ಪುರಾವೆ ಕೊಟ್ಟರೆ ರದ್ದು ಮಾಡಬಹುದು, ಅಷ್ಟೆ. 35ನೇ ನಮೂನೆಗೆ ಸಾಲದಾತನ ಸಹಿಯೂ ಬೇಕು. ಸಹಿ ತಡವಾದರೆ ಏನು ಎಂಬುದಕ್ಕೆ ಕಾಯ್ದೆ ಮೌನ.

ಆ ಮೌನವನ್ನು ರಿಸರ್ವ್ ಬ್ಯಾಂಕ್ ಅರ್ಧ ಮುರಿದಿದೆ. 2023ರ ಸೆಪ್ಟೆಂಬರ್‌ನ ಸುತ್ತೋಲೆಯಂತೆ ಸಾಲ ತೀರಿದ 30 ದಿನದೊಳಗೆ ಮೂಲ ಕಾಗದ ಮರಳಿಸಿ, ದಾಖಲಾದ ಬೋಜಾ ತೆಗೆಸಬೇಕು. ಸಾಲದಾತನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅದೇ ವರ್ಷದ ಡಿಸೆಂಬರ್ 1ರಿಂದ ಇದು ಜಾರಿ. ಆದರೆ ಸುತ್ತೋಲೆ ಮಾತಾಡುವುದು ವೈಯಕ್ತಿಕ ಸಾಲಗಳ ಬಗ್ಗೆ, ಮತ್ತು ವಾಣಿಜ್ಯ ಬಳಕೆಯ ವಾಹನ ಸಾಲ ಆ ವ್ಯಾಖ್ಯೆಯ ಹೊರಗೆ. ಮನೆ ಮಂದಿ ತಿರುಗಾಡುವ ಕಾರಿಗೆ ರಕ್ಷಣೆ ಸಿಕ್ಕಿತು, ಮುದ್ದೇಬಿಹಾಳದಲ್ಲಿ ಟಂಟಂ ಓಡಿಸಿ ಹೊಟ್ಟೆ ಹೊರೆಯುವವನಿಗೆ ಸಿಗಲಿಲ್ಲ.

ಟ್ರ್ಯಾಕ್ಟರಿನದು ಇನ್ನೂ ಫಜೀತಿ. ಬ್ಯಾಂಕು ಹೊಲದ ಮೇಲೂ ಸಾಲ ಬರೆಸಿಕೊಂಡಿದ್ದರೆ ಬೋಜಾ ಎರಡು ಕಡೆ: ಒಂದು ಪಹಣಿಯ 11ನೇ ಕಾಲಮಿನಲ್ಲಿ, ಇನ್ನೊಂದು ಆರ್‌ಸಿಯಲ್ಲಿ. ರೈತರು ಮೊದಲನೆಯದನ್ನು ನೆನಪಿಟ್ಟು ಇಳಿಸುತ್ತಾರೆ, ಯಾಕೆಂದರೆ ಮುಂದಿನ ಬೆಳೆಸಾಲ ಸಿಗುವುದು ಅದರ ಮೇಲೆ. ಎರಡನೆಯದು ಮರೆತುಹೋಗುತ್ತದೆ. ವಿಮೆ ಪಾಲಿಸಿಯಲ್ಲೂ ಅದೇ ನಮೂದು ಕೂತಿರುತ್ತದೆ ಎಂಬುದು ಗಾಡಿ ಸುಟ್ಟುಹೋಗುವವರೆಗೆ ನೆನಪಾಗುವುದಿಲ್ಲ. ಇಷ್ಟರಲ್ಲಿ ಬ್ಯಾಂಕಿನ ಹೆಸರೇ ಬದಲಾಗಿರಬಹುದು. ನಮ್ಮ ಬಿಜಾಪುರ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಲೆಕ್ಕ, ಹೊಣೆ ಎಲ್ಲವೂ ಹೊಸ ಹೆಸರಿಗೆ ಹೋಗಿವೆ. ಕಿಸೆಯಲ್ಲಿರುವ ಹಳೆಯ ಆರ್‌ಸಿಗೆ ಮಾತ್ರ ಸುದ್ದಿಯೇ ಇಲ್ಲ.

ನಮ್ಮ ಸೋದರಮಾವ ಟ್ರ್ಯಾಕ್ಟರ್ ಸಾಲ ತೀರಿಸಿದ ದಿನ ಪೇಢೆ ಹಂಚಿದ್ದರು. ಏಳೆಂಟು ವರ್ಷದ ಮೇಲೆ ಮಾರಲು ಕೂತಾಗ, ಗಿರಾಕಿಯ ಮಗ ಮೊಬೈಲಿನಲ್ಲಿ ಗಾಡಿ ನಂಬರ್ ಒತ್ತಿ ನೋಡಿ, "ಕಾಕಾ, ಇದರ ಮ್ಯಾಲೆ ಇನ್ನೂ ಬೋಜಾ ಐತಲ್ರೀ" ಅಂದ. ಮಾವ ಪೆಟ್ಟಿಗೆಯಿಂದ ಸಾಲ ತೀರಿದ ಪತ್ರ ತಂದು ತೋರಿಸಿದರು. ಹುಡುಗ ಪತ್ರವನ್ನೂ ಓದಿದ, ಮೊಬೈಲನ್ನೂ ಮತ್ತೊಮ್ಮೆ ನೋಡಿದ, ಅಪ್ಪನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ಮಾವ ಇಸಾರದ ಐದು ಸಾವಿರ ಎಣಿಸಿ ವಾಪಸ್ ಕೊಟ್ಟರು. ಕಬ್ಬಿನ ಹಂಗಾಮು ಶುರುವಾಗಿತ್ತು. ಮರುದಿನ ಅದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಹೂಡಿ ಫ್ಯಾಕ್ಟರಿಗೆ ಕಳಿಸಿದರು.