ಕೂತು ಕಾಯುವ ವಿದ್ಯೆ: ಸ್ಪ್ಯಾನಿಯಲ್ ಮರಿಯ ಗುಂಪು ತರಬೇತಿ

ಸ್ಪ್ಯಾನಿಯಲ್ ಮೂಗನ್ನು ನಂಬಿ ದುಡಿಯುವ ಬೇಟೆನಾಯಿ. ಕೋವಿ ಹಿಡಿದವನ ಮುಂದೆ ಇಪ್ಪತ್ತು ಗಜದೊಳಗೆ ಎಡಬಲಕ್ಕೆ ಸುಳಿಯುತ್ತ ಪೊದೆಯಲ್ಲಿ ಅಡಗಿದ ಹಕ್ಕಿಯನ್ನೋ ಮೊಲವನ್ನೋ ಎಬ್ಬಿಸಬೇಕು. ಅದು ಎದ್ದ ಗಳಿಗೆಯಲ್ಲೇ ತಾನು ಕೂತುಬಿಡಬೇಕು. ಈಡು ಬಿದ್ದ ಮೇಲೂ ಅಪ್ಪಣೆಯಾದರೆ ಮಾತ್ರ ಹೋಗಿ, ಬಿದ್ದದ್ದನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರಬೇಕು. ಬ್ರಿಟನ್ನಿನಲ್ಲಿ ಈ ಕೆಲಸದ ಮೊದಲ ಸ್ಪರ್ಧೆ ನಡೆದದ್ದು 1899ರಲ್ಲಿ. ಎಳೆಯ ನಾಯಿಗಳನ್ನು ಒಂದು ದಿನ ಬಯಲಿಗೆ ತಂದು, ಒಬ್ಬ ತರಬೇತುದಾರನ ಕೈಕೆಳಗೆ ಒಟ್ಟಿಗೆ ಪಳಗಿಸುವುದು ಅಲ್ಲಿ ಈಗ ಸಾಮಾನ್ಯ ರೂಢಿ. ಕನ್ನಡ ಓದುಗರಿಗೆ ಈ ಜಾತಿಯ ನಾಯಿಯ ಗುಣ, ಹುರುಪು, ಹಟ ಎಲ್ಲವೂ ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಬರುವ ‘ಕಿವಿ’ ಎಂಬ ನಾಯಿಯಿಂದ ಪರಿಚಿತ.

ಕನ್ನಡ ನಾಡಿನ ಬೇಟೆನಾಯಿಯ ಆದರ್ಶ ಬೇರೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅದಕ್ಕೆ ಸಾಕ್ಷಿ. ಕ್ರಿ.ಶ. 949–50ರ ಆ ಶಾಸನ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲಂ ಯುದ್ಧದ ಕಾಲದ್ದು. ವೀರ ಮಣಲೆರನು ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯೊಂದಕ್ಕೆ ಸಂದ ಇಷ್ಟು ದೊಡ್ಡ ಗೌರವ ಅಪರೂಪವೇ ಸರಿ. ಅಲ್ಲಿ ಮೆಚ್ಚುಗೆ ಪಡೆದದ್ದು ಹಿಂದೆಗೆಯದ ಕೆಚ್ಚು. ಮುಧೋಳದ ನಾಯಿಯಲ್ಲಿ ಮೆಚ್ಚುವುದು ಕಣ್ಣು ಮತ್ತು ಓಟ. ಬೇಟೆ ಕಂಡರೆ ಅದು ಹೊರಟೇ ಬಿಡುತ್ತದೆ. ಸ್ಪ್ಯಾನಿಯಲ್‌ನಿಂದ ಕೇಳುವುದು ಇದಕ್ಕೆ ಪೂರ್ತಿ ಎದುರಾದದ್ದು: ಹಕ್ಕಿ ಕಣ್ಣೆದುರೇ ಹಾರಿದರೂ ಅಲುಗದೆ ಕೂರುವುದು. ಇದು ಮರಿಗೆ ಹುಟ್ಟಿನಿಂದ ಬರುವುದಿಲ್ಲ, ಮನೆಯಂಗಳದಲ್ಲಿ ಒಂಟಿಯಾಗಿ ಪೂರ್ತಿ ಕಲಿಸಲೂ ಆಗುವುದಿಲ್ಲ. ಗುಂಪು ತರಬೇತಿಗೆ ಬೆಲೆ ಬರುವುದು ಇಲ್ಲಿ.

ದಿನದ ಕ್ರಮ ಸರಳ. ನಾಯಿಗಳನ್ನು ಒಂದು ಸಾಲಿನಲ್ಲಿ, ನಡುವೆ ಅಂತರ ಬಿಟ್ಟು ಕೂರಿಸುತ್ತಾರೆ. ಸೀಟಿಯ ಒಂದು ಉದ್ದನೆಯ ಊದಿಗೆ ನಿಲ್ಲಬೇಕು, ತುಂಡು ತುಂಡಾದ ಊದುಗಳಿಗೆ ಮರಳಿ ಬರಬೇಕು. ಬೇಟೆಯ ಬದಲಿಗೆ ಬಳಸುವ ಕ್ಯಾನ್ವಾಸಿನ ಡಮ್ಮಿಯನ್ನು ತರಬೇತುದಾರ ದೂರ ಎಸೆಯುತ್ತಾನೆ, ಒಂದು ನಾಯಿ ಮಾತ್ರ ಹೋಗಿ ತರುತ್ತದೆ, ಉಳಿದವು ನೋಡುತ್ತ ಕೂರುತ್ತವೆ. ಆಮೇಲೆ ಒಂದೊಂದನ್ನೇ ಹುಲ್ಲಿಗೆ ಬಿಟ್ಟು ಅಡ್ಡಡ್ಡ ಹುಡುಕಿಸುತ್ತಾರೆ. ಸದ್ದಿನ ಪಿಸ್ತೂಲು ಕೊನೆಗೆ, ಅದೂ ದೂರದಿಂದ. ಮರಿಯ ಪಾಲಿಗೆ ಗಂಟೆಗೆ ಓಟ ಐದಾರು ನಿಮಿಷ ಸಿಕ್ಕಿದರೆ ಹೆಚ್ಚು. ಹೊಸ ಯಜಮಾನರಿಗೆ ಇದು ಕಾಲಹರಣವೆನಿಸುತ್ತದೆ. ಹಾಗೆನಿಸುವುದು ತಪ್ಪು. ಪಕ್ಕದ ನಾಯಿ ಓಡುವಾಗ ನಡುಗುತ್ತ, ಕುಂಯ್‌ಗುಟ್ಟದೆ ಕೂತ ಆ ಐವತ್ತು ನಿಮಿಷವೇ ಪಾಠ. ಸ್ಪರ್ಧೆಯಲ್ಲಿ ಕುಂಯ್‌ಗುಟ್ಟಿದ ನಾಯಿಯನ್ನು ಹೊರಗೆ ಕಳಿಸುವುದೂ ಇದೇ ಕಾರಣಕ್ಕೆ.

ಇನ್ನೊಂದು ಲಾಭ ಯಜಮಾನನದು. ಮನೆಯಲ್ಲಿ ಒಂದೇ ಅಪ್ಪಣೆಯನ್ನು ನಾಲ್ಕು ಸಲ ಕೂಗಿ ಕೂಗಿ ಅವನು ನಾಯಿಯನ್ನು ಕಿವುಡು ಮಾಡಿರುತ್ತಾನೆ. ಅದನ್ನು ಹೊರಗಿನ ಕಣ್ಣು ಕ್ಷಣದಲ್ಲಿ ಹಿಡಿಯುತ್ತದೆ.

ದೋಷಗಳೂ ಸಣ್ಣವಲ್ಲ. ಆರೇಳಕ್ಕಿಂತ ಹೆಚ್ಚು ನಾಯಿ ಸೇರಿದರೆ ಕಾಯುವುದು ಪಾಠವಾಗಿ ಉಳಿಯದೆ ಹಿಂಸೆಯಾಗುತ್ತದೆ. ಬೇಸತ್ತ ಮರಿ ಬೊಗಳುವುದನ್ನು ಕಲಿತು ಮನೆಗೆ ಹೋಗುತ್ತದೆ. ನೋಡುವವರ ಖುಷಿಗೆ ಡಮ್ಮಿಯನ್ನು ಮತ್ತೆ ಮತ್ತೆ ಎಸೆದರೆ, ಎಸೆದದ್ದೆಲ್ಲ ತನ್ನದೇ ಎಂದು ಮರಿ ತಿಳಿಯುತ್ತದೆ. ಹತ್ತಿರದಲ್ಲಿ ಹೊಡೆದ ಒಂದೇ ಈಡು ಅಂಜುಬುರುಕ ಮರಿಯನ್ನು ಜೀವಮಾನವಿಡೀ ಕೋವಿಗೆ ಹೆದರುವಂತೆ ಮಾಡಬಲ್ಲದು. ಮರಿಗೆ ತಕ್ಕಂತೆ ಪಾಠ ಬದಲಿಸದ ತರಬೇತುದಾರನ ಗುಂಪಿಗೆ ಹೋಗುವುದಕ್ಕಿಂತ ಮನೆಯಲ್ಲಿರುವುದು ಮೇಲು.

ಈ ಪದ್ಧತಿಯನ್ನು ನಮ್ಮ ಕಡೆಗೆ, ಆಂಧ್ರಪ್ರದೇಶದಲ್ಲಿ ಕರ್ನಾಟಕದ ಗಡಿಗೆ ಹೊಂದಿದ ಮಡಕಶಿರದ ಸೀಮೆಗೆ, ತರುವುದಾದರೆ ಮೊದಲು ಎದುರಾಗುವುದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಕಾಡುಪ್ರಾಣಿಯನ್ನು ನಾಯಿ ಬಿಟ್ಟು ಓಡಿಸುವುದು, ಅಟ್ಟುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ಅಂದರೆ ಗೌಜಲಹಕ್ಕಿಯನ್ನು ಪೊದೆಯಿಂದ ಎಬ್ಬಿಸುವ ಪಾಠಕ್ಕೆ ಇಲ್ಲಿ ಜಾಗವಿಲ್ಲ. ಗಡಿಯಾಚೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಇದೆ. ಅಂಥ ಬಯಲಿನ ಹತ್ತಿರ ಅಂಕೆಯಿಲ್ಲದ ನಾಯಿ ಎಷ್ಟು ಅಪಾಯವೆಂದು ವಿವರಿಸಬೇಕಿಲ್ಲ. ಆದ್ದರಿಂದ ಇಲ್ಲಿ ಡಮ್ಮಿ, ಸೀಟಿ, ಮೂಗು ಇವಿಷ್ಟೇ ಸಾಧನ. ಇದರಿಂದ ನಷ್ಟವೇನೂ ಇಲ್ಲ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಶ್ವಾನದಳದಲ್ಲಿ ಕಾಕರ್ ಸ್ಪ್ಯಾನಿಯಲ್‌ಗಳು ಸ್ಫೋಟಕ ಪತ್ತೆಗೆ ದುಡಿಯುವುದು ಇದೇ ಮೂಗಿನ ಬಲದಿಂದ.

ಎರಡನೆಯದು ನೆಲ ಮತ್ತು ಬಿಸಿಲು. ಕಡಲೆಕಾಯಿ ಕಿತ್ತ ಹೊಲ, ನೀರಿಳಿದ ಕೆರೆಯಂಗಳ ಡಮ್ಮಿ ಹುಡುಕಿಸಲು ಒಳ್ಳೆಯ ಜಾಗ. ಜಾಲಿಯ ಮುಳ್ಳು ಬಿದ್ದ ಬೀಳು ಬೇಡ. ದಟ್ಟ ಕೂದಲಿನ ಈ ನಾಯಿಗೆ ರಾಯಲಸೀಮೆಯ ಬೇಸಿಗೆ ಪ್ರಾಣಕ್ಕೇ ಎರವಾಗಬಹುದು. ಪಾಠ ಹೊತ್ತು ಹುಟ್ಟುವ ಮುಂಚೆ ಶುರುವಾಗಿ ಎಂಟರೊಳಗೆ ಮುಗಿಯಬೇಕು. ಮಾರ್ಚ್‌ನಿಂದ ಮೇವರೆಗೆ ಬೇಡವೇ ಬೇಡ. ಜೋಲುಕಿವಿಯೊಳಗೆ ಹುಲ್ಲಿನ ಚೂಪು ಬೀಜ ಹೊಕ್ಕರೆ ಕೀವು ಕಟ್ಟುತ್ತದೆ. ಉಣ್ಣೆಯಿಂದ ಬರುವ ಜ್ವರ ಬಯಲುಸೀಮೆಯ ನಾಯಿಗಳಲ್ಲಿ ಮಾಮೂಲು. ಹಲವು ನಾಯಿ ಸೇರುವ ಕಡೆ ಅದು, ಪಾರ್ವೊ, ಡಿಸ್ಟೆಂಪರ್ ಎಲ್ಲವೂ ಹರಡುತ್ತವೆ. ರೇಬೀಸ್ ಸೇರಿ ಲಸಿಕೆಗಳು ಮುಗಿಯದ ಮರಿಯನ್ನು ಗುಂಪಿಗೆ ಒಯ್ಯಬಾರದು.

ಒಟ್ಟಿನಲ್ಲಿ ಪದ್ಧತಿ ಒಳ್ಳೆಯದು, ಅದನ್ನು ನಡೆಸುವ ಅವಸರ ಕೆಟ್ಟದ್ದು. ಕರೆದರೆ ಬರುವ, ಹೇಳಿದರೆ ಕೂರುವ ಎಂಟು ತಿಂಗಳ ಮರಿಯನ್ನು ತಿಂಗಳಿಗೊಮ್ಮೆ ಒಯ್ದರೆ ಸಾಕು. ಉಳಿದ ದಿನಗಳಲ್ಲಿ ಮನೆಯಂಗಳದಲ್ಲಿ ಹತ್ತು ನಿಮಿಷ. ಮೊದಲ ಸಲ ಹೋದಾಗ ಡಮ್ಮಿ ತರಿಸುವುದೇ ಬೇಡ. ಮರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಳಿದ ನಾಯಿಗಳ ಕೆಲಸ ತೋರಿಸಿ, ಮನೆಗೆ ಕರೆತನ್ನಿ.